10ಎಕ್ಸ್ ಆಬ್ಜೆಕ್ಟಿವ್‌ನಲ್ಲಿ ಇರುವೆಯ ತಲೆ: ಸ್ಟ್ಯಾಕ್‌ನಲ್ಲಿ ಪಟ್ಟೆ, ಅಂಚಿಗೆ ಬಣ್ಣ, ಮೇಲೆಲ್ಲಾ ಮಂಜು

ಜೇಡರಬಲೆ:
ಚಗಳಿ ಇರುವೆಯ ತಲೆಯನ್ನು ಎದುರಿನಿಂದ ತೆಗೆಯಬೇಕು. ಕ್ಯಾಮೆರಾ ನಿಕಾನ್ ಡಿ7200. ಅದಕ್ಕೆ ಹಳೆಯ ಬೆಲ್ಲೋಸ್ (ಹಿಗ್ಗಿ ಕುಗ್ಗುವ ಮಡಿಕೆ ಕೊಳವೆ), ಪೂರ್ತಿ ಬಿಚ್ಚಿದರೆ 190 ಮಿ.ಮೀ. ತುದಿಯಲ್ಲಿ ಆರ್.ಎಂ.ಎಸ್. (ಮೈಕ್ರೋಸ್ಕೋಪ್ ಮಸೂರಗಳ ತಿರುಪಿನ ಎಳೆಯ ಒಂದು ಅಳತೆ) ಅಡಾಪ್ಟರ್, ಅದಕ್ಕೆ ಕಾಲೇಜು ಮೈಕ್ರೋಸ್ಕೋಪಿನ 10ಎಕ್ಸ್ ಆಬ್ಜೆಕ್ಟಿವ್, ಮೈಮೇಲೆ ‘10/0.25, 160/0.17’ ಎಂದು ಕೆತ್ತಿದೆ. ಫೋಕಸ್‌ಗಾಗಿ ಕ್ಯಾಮೆರಾವನ್ನು ಹಿಂದೆ ಮುಂದೆ ಸರಿಸುವ ರೈಲು ಕೈಯಲ್ಲಿ ತಿರುಗಿಸುವಂಥದ್ದು, ಒಂದು ಸುತ್ತಿಗೆ 1.25 ಮಿ.ಮೀ., ಗುಂಡಿಯ ಮೇಲೆ 50 ಗೆರೆ.

ಬೆಲ್ಲೋಸ್ ಪೂರ್ತಿ ಬಿಚ್ಚಿ, ಗೆರೆಗೊಂದರಂತೆ 48 ಫ್ರೇಮ್ ತೆಗೆದು ಝಿರೀನ್ ಸ್ಟ್ಯಾಕರ್‌ನಲ್ಲಿ (ಬೇರೆ ಬೇರೆ ಆಳಕ್ಕೆ ಫೋಕಸ್ ಆದ ಫ್ರೇಮ್‌ಗಳ ಚೂಪಾದ ಭಾಗಗಳನ್ನು ಒಂದೇ ಚಿತ್ರವಾಗಿ ಜೋಡಿಸುವ, ಅಂದರೆ ಸ್ಟ್ಯಾಕ್ ಮಾಡುವ ಸಾಫ್ಟ್‌ವೇರ್) ಪಿಮ್ಯಾಕ್ಸ್ ವಿಧಾನ ಓಡಿಸಿದೆ. ಬೆಳಕಿಗೆ ಎರಡು ಎಲ್ಇಡಿ ಟೇಬಲ್ ದೀಪ, ಶಟರ್ 1/15 ಸೆಕೆಂಡ್. ಫಲಿತಾಂಶದಲ್ಲಿ ಕಣ್ಣಿನ ಮೇಲೆ ಚೂಪು-ಮಸುಕು-ಚೂಪು ಎಂದು ಪಟ್ಟೆಗಳು. ಚೌಕಟ್ಟಿನ ಅಂಚಿನ ಕೂದಲುಗಳಿಗೆ ಒಂದು ಕಡೆ ಕೆಂಪು, ಇನ್ನೊಂದು ಕಡೆ ನೀಲಿ. ಇಡೀ ಚಿತ್ರಕ್ಕೆ ಹಾಲು ಬಳಿದ ಹಾಗಿದೆ. 0.17 ಮಿ.ಮೀ. ಕವರ್ ಸ್ಲಿಪ್ (ಸ್ಲೈಡ್ ಮೇಲೆ ಮುಚ್ಚುವ ತೆಳು ಗಾಜು) ಇಲ್ಲದ್ದಕ್ಕೆ ಹೀಗಾಗುತ್ತಿದೆಯೇ? ಹೊಸ ಆಬ್ಜೆಕ್ಟಿವ್ ಕೊಳ್ಳಲೇಬೇಕೇ?

ಮಸೂರ:
ಕವರ್ ಸ್ಲಿಪ್ ಮೇಲೆ ಅನುಮಾನ ಬೇಡ. ಎನ್.ಎ. (ಆಬ್ಜೆಕ್ಟಿವ್ ಎಷ್ಟು ಅಗಲದ ಕೋನದಿಂದ ಬೆಳಕು ಹಿಡಿಯುತ್ತದೆ ಎಂಬ ಅಳತೆ, ಕೆತ್ತನೆಯ ಎರಡನೇ ಸಂಖ್ಯೆ) 0.25ರಲ್ಲಿ ಅದು ಇದ್ದರೂ ಇಲ್ಲದಿದ್ದರೂ ಕಣ್ಣಿಗೆ ಕಾಣುವ ವ್ಯತ್ಯಾಸವಿಲ್ಲ. ಅದೇ ಪೆಟ್ಟಿಗೆಯ 40/0.65 ಹಾಕಿ ತೆರೆದ ಕೀಟ ತೆಗೆಯಲು ಹೋದರೆ ಮಾತ್ರ ಎಲ್ಲವೂ ಮಸುಕು.

ಮೊದಲ ತಪ್ಪು ಬೆಲ್ಲೋಸ್ ಉದ್ದದಲ್ಲಿದೆ. ‘160’ ಅಂದರೆ ಆಬ್ಜೆಕ್ಟಿವ್ ಕೂರುವ ಅಂಚಿನಿಂದ ಐಪೀಸ್ ಕೂರುವ ಅಂಚಿಗೆ ಇರುವ ದೂರ. ಬಿಂಬ ಮೂಡುವುದು ಅದಕ್ಕಿಂತ 10 ಮಿ.ಮೀ. ಒಳಗೆ. ಹಾಗಾಗಿ ಆಬ್ಜೆಕ್ಟಿವ್ ಅಂಚಿನಿಂದ ಸೆನ್ಸರ್‌ಗೆ 150 ಮಿ.ಮೀ. ಇರಬೇಕು. ನಿಕಾನ್ ಎಫ್ ಮೌಂಟ್‌ನಲ್ಲಿ 46.5 ಮಿ.ಮೀ. ಕ್ಯಾಮೆರಾ ಒಳಗೇ ಹೋಯಿತು. ಉಳಿದದ್ದು 103.5. ಬೆಲ್ಲೋಸ್, ಅಡಾಪ್ಟರ್ ಎಲ್ಲಾ ಸೇರಿ ಅಷ್ಟೇ ಆಗಬೇಕು. ನೀವು 190 ಬಿಚ್ಚಿದ್ದರಿಂದ ವರ್ಧನೆ 15ರ ಹತ್ತಿರ ಹೋಗಿದೆ, ವಿವರ ಮಾತ್ರ ಒಂದಿಷ್ಟೂ ಹೆಚ್ಚಿಲ್ಲ. ವರ್ಧನೆಯನ್ನು ಎನ್.ಎ.ಯ ಎರಡರಷ್ಟರಿಂದ ಭಾಗಿಸಿದರೆ ಸೆನ್ಸರ್‌ಗೆ ತಟ್ಟುವ ಎಫ್ ಸಂಖ್ಯೆ ಸಿಗುತ್ತದೆ: 10ಕ್ಕೆ ಎಫ್/20, 15ಕ್ಕೆ ಎಫ್/30. ಎಫ್/20ರಲ್ಲೇ ನೂರಕ್ಕೆ ನೂರು ಹಿಗ್ಗಿಸಿ ನೋಡಿದರೆ ಚಿತ್ರ ಮೆತ್ತಗೆ ಕಾಣುತ್ತದೆ. ಅದು ಡಿಫ್ರಾಕ್ಷನ್ (ಕಿರಿದಾದ ರಂಧ್ರ ದಾಟುವಾಗ ಬೆಳಕು ಹರಡಿಕೊಳ್ಳುವುದು), ಫೋಕಸ್ ತಪ್ಪಿದ್ದಲ್ಲ. ಇರುವೆ ತಲೆಗೆ 10ಎಕ್ಸ್ ಧಾರಾಳ ಸಾಕು, ಡಿ7200ರಲ್ಲಿ ಚೌಕಟ್ಟಿನ ಅಗಲಕ್ಕೆ 2.35 ಮಿ.ಮೀ. ಹಿಡಿಯುತ್ತದೆ.

ಪಟ್ಟೆಗೆ ಕಾರಣ ಹೆಜ್ಜೆ. ನಿಮ್ಮ ಒಂದು ಗೆರೆ 25 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್). ಫೋಕಸ್ ಆಳ ಎಷ್ಟೆಂದು ತಿಳಿಯಲು ಬೆಳಕಿನ ತರಂಗಾಂತರ 0.55 ಮೈಕ್ರಾನ್ ಅನ್ನು ಎನ್.ಎ. ವರ್ಗದಿಂದ ಭಾಗಿಸಿ: 0.55 ÷ 0.0625 = 8.8 ಮೈಕ್ರಾನ್. ಎರಡು ಫ್ರೇಮ್‌ಗಳ ನಡುವೆ 16 ಮೈಕ್ರಾನ್ ಎಲ್ಲೂ ಫೋಕಸ್‌ಗೆ ಬಂದೇ ಇಲ್ಲ. 7 ಮೈಕ್ರಾನ್ ಹೆಜ್ಜೆ ಇಡಿ, ನಿಮ್ಮ 1.2 ಮಿ.ಮೀ. ಆಳಕ್ಕೆ ಸುಮಾರು 170 ಫ್ರೇಮ್. 4/0.10 ಆಬ್ಜೆಕ್ಟಿವ್ ಇದ್ದರೆ ಆಳ 55 ಮೈಕ್ರಾನ್, 40ರ ಹೆಜ್ಜೆಯಲ್ಲಿ 30 ಫ್ರೇಮ್‌ಗೆ ಮುಗಿಯಿತು. ಕೈ ಕುದುರಿಸಿಕೊಳ್ಳಲು ಅದೇ ಒಳ್ಳೆಯದು.

7 ಮೈಕ್ರಾನನ್ನು ಆ ರೈಲಿನಲ್ಲಿ ಕೈಯಿಂದ ತಿರುಗಿಸಲಾಗದು. ವೀಮ್ಯಾಕ್ರೋ, ಸ್ಟ್ಯಾಕ್‌ಶಾಟ್‌ನಂಥ ಮೋಟಾರು ರೈಲು ಇಲ್ಲದಿದ್ದರೆ ಅದೇ ಮೈಕ್ರೋಸ್ಕೋಪ್ ಸಾಕು. ಕ್ಯಾಮೆರಾವನ್ನು ಮೇಲಿಂದ ಕೆಳಮುಖವಾಗಿ ಕಟ್ಟಿ, ಇರುವೆಯನ್ನು ಸ್ಟೇಜ್ ಮೇಲಿಟ್ಟು ಫೈನ್ ಫೋಕಸ್ ತಿರುಗಿಸಿ. ಎಷ್ಟೋ ಮಾದರಿಗಳಲ್ಲಿ ಆ ಗುಂಡಿಯ ಒಂದು ಗೆರೆ 2 ಮೈಕ್ರಾನ್. ಮೂರು ಮೂರು ಗೆರೆ ಹೋಗಿ. ಸ್ಟೇಜ್ ಏರಿಳಿಯುವ ಮಾದರಿಯೇ ಆಗಬೇಕು, ಟ್ಯೂಬ್ ಏರಿಳಿಯುವ ಹಳೆಯದು ಇದಕ್ಕೆ ಬಾರದು. ಶುರುವಿನಿಂದ ಕೊನೆಯವರೆಗೆ ಒಂದೇ ದಿಕ್ಕಿಗೆ ತಿರುಗಿಸಿ. ನಡುವೆ ಹಿಂದಕ್ಕೆ ತಿರುಗಿಸಿದಿರೋ, ಹಲ್ಲುಗಳ ಸಡಿಲದಲ್ಲಿ ಐದಾರು ಹೆಜ್ಜೆ ಗುಂಡಿ ಮಾತ್ರ ತಿರುಗುತ್ತದೆ, ಸ್ಟೇಜ್ ಅಲ್ಲೇ ನಿಂತಿರುತ್ತದೆ.

ಅಂಚಿನ ಕೆಂಪು-ನೀಲಿ: ನಡುವೆ ಶುದ್ಧವಾಗಿದ್ದು ಅಂಚಿಗೆ ಹೋದಂತೆ ಹೆಚ್ಚಿದರೆ ಅದು ಆಬ್ಜೆಕ್ಟಿವ್‌ನ ದೋಷವೇ ಅಲ್ಲ. ಹಳೆಯ ಕಂಪನಿಗಳು ಬಣ್ಣದ ತಿದ್ದುಪಡಿಯ ಅರ್ಧ ಕೆಲಸವನ್ನು ಐಪೀಸ್‌ಗೆ ಬಿಟ್ಟಿದ್ದವು, ನೀವು ಆ ಐಪೀಸನ್ನೇ ತೆಗೆದಿದ್ದೀರಿ. ರಾ ಫೈಲ್‌ಗಳನ್ನು ತೆರೆಯುವಾಗ ಎಲ್ಲಾ ಫ್ರೇಮ್‌ಗೂ ಒಂದೇ ಅಳತೆಯ ತಿದ್ದುಪಡಿ ಹಾಕಿದರೆ ಬಹುಪಾಲು ಹೋಗುತ್ತದೆ. ಹಸಿರು-ನೇರಳೆ ಅಂಚು ಬೇರೆ ಜಾತಿ. ಅದು ಫೋಕಸ್‌ನ ಹಿಂದೆ ಮುಂದೆ ಕಾಣುವಂಥದ್ದು, ಅಕ್ರೋಮ್ಯಾಟ್ (ಎರಡು ಬಣ್ಣಗಳನ್ನಷ್ಟೇ ಒಂದೇ ಕಡೆ ಫೋಕಸ್‌ಗೆ ತರುವ ಸಾಮಾನ್ಯ ಬಗೆ) ಆದಮೇಲೆ ಸಹಿಸಿಕೊಳ್ಳಬೇಕು.

ಕಿರುಗಣ್ಣು:
ಮಸೂರ ಸರ್ ಲೆಕ್ಕ ಸರಿ. ಆದರೆ 1/15 ಸೆಕೆಂಡ್ ಬಗ್ಗೆ ಯಾರೂ ಮಾತಾಡಲಿಲ್ಲವಲ್ಲ! 10ಎಕ್ಸ್‌ನಲ್ಲಿ ಇರುವೆ 1 ಮೈಕ್ರಾನ್ ನಡುಗಿದರೆ ಸೆನ್ಸರ್ ಮೇಲೆ 10 ಮೈಕ್ರಾನ್, ಅಂದರೆ ಎರಡೂವರೆ ಪಿಕ್ಸೆಲ್. ಕ್ಯಾಮೆರಾ ಒಳಗಿನ ಕನ್ನಡಿ ಎತ್ತಿಟ್ಟರೂ ಶಟರ್ ಪರದೆಯ ಹೊಡೆತ ಉಳಿಯುತ್ತದೆ, ಅದು ಬಲವಾಗಿ ತಟ್ಟುವುದೇ ಈ 1/60ರಿಂದ 1/4ರ ನಡುವೆ.

ದೀಪ ಬಿಟ್ಟು ಫ್ಲ್ಯಾಶ್‌ಗೆ ಬನ್ನಿ. ಕೋಣೆ ಕತ್ತಲು, ಕನ್ನಡಿ ಮೇಲೆ, ಶಟರ್ 1 ಸೆಕೆಂಡ್, ಫ್ಲ್ಯಾಶ್ ರಿಯರ್ ಕರ್ಟನ್‌ನಲ್ಲಿ (ಶಟರ್ ಮುಚ್ಚುವ ಮುನ್ನ ಕೊನೆಗೆ ಮಿಂಚುವಂತೆ), ಶಕ್ತಿ 1/32 ಅಥವಾ ಅದಕ್ಕಿಂತ ಕಡಿಮೆ. ಫ್ಲ್ಯಾಶ್ ಮಿಂಚುವ ಹೊತ್ತಿಗೆ ನಡುಕ ತಣ್ಣಗಾಗಿರುತ್ತದೆ, ಮಿಂಚಂತೂ ಸೆಕೆಂಡಿನ ಸಾವಿರಾರನೇ ಒಂದು ಭಾಗ. 170 ಸಲ ಮಿಂಚಬೇಕಾದ್ದರಿಂದ ಪೂರ್ಣ ಶಕ್ತಿಯಲ್ಲಿ ಇಡಬೇಡಿ: ಬಿಸಿಯಾಗುತ್ತದೆ, ಫ್ರೇಮಿಂದ ಫ್ರೇಮಿಗೆ ಬೆಳಕೂ ಏರುಪೇರಾಗುತ್ತದೆ. ಕ್ಯಾಮೆರಾ, ಇರುವೆ ಎರಡೂ ಒಂದೇ 18 ಮಿ.ಮೀ. ಪ್ಲೈವುಡ್ ಹಲಗೆಯ ಮೇಲಿರಲಿ, ಅಡಿಗೆ ಅರ್ಧ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್. ಇನ್ನು ಫ್ಯಾನ್ ನಿಲ್ಲಿಸಿ, ಅದನ್ನು ಮರೆಯುವವರೇ ಹೆಚ್ಚು.

ಡಿಫ್ಯೂಸರ್‌ಗೆ ಬಟರ್ ಪೇಪರನ್ನು ಎರಡು ಪದರ ಸುತ್ತಿ 4-5 ಸೆಂ.ಮೀ. ಅಗಲದ ಕೊಳವೆ ಮಾಡಿ, ಇರುವೆ ಅದರ ನಟ್ಟನಡುವೆ ಬರಲಿ. ಸರಿಯಾಯಿತೋ ಇಲ್ಲವೋ ಎಂದು ತಿಳಿಯಲು ಇರುವೆಯ ಕಣ್ಣನ್ನೇ ನೋಡಿ. ಅದು ಕನ್ನಡಿಯಿದ್ದ ಹಾಗೆ. ಕಣ್ಣಿನಲ್ಲಿ ಫ್ಲ್ಯಾಶ್‌ನ ಚೌಕ ಆಕಾರ ಕಂಡರೆ ಕಾಗದ ಸಾಲದು, ಅಥವಾ ಫ್ಲ್ಯಾಶ್ ಕಾಗದಕ್ಕೆ ತೀರಾ ಅಂಟಿಕೊಂಡಿದೆ.

ಜೇಡರಬಲೆ:
ಬೆಲ್ಲೋಸ್ 103.5ಕ್ಕೆ ಇಳಿಸಿ, ಸ್ಟೇಜ್ ಮೇಲಿಟ್ಟು 6 ಮೈಕ್ರಾನ್‌ನಂತೆ 200 ಫ್ರೇಮ್ ಫ್ಲ್ಯಾಶ್‌ನಲ್ಲಿ ತೆಗೆದೆ. ಪಟ್ಟೆ ಪೂರ್ತಿ ಹೋಯಿತು. ಹಾಲು ಬಳಿದದ್ದು ಸ್ವಲ್ಪ ಕಡಿಮೆಯಾದರೂ ಉಳಿದಿದೆ, ನಡುವೆಯೇ ಜಾಸ್ತಿ. ಮೀಸೆ ತಲೆಗೆ ಅಡ್ಡ ಬರುವಲ್ಲಿ ಎರಡೆರಡು ಅಂಚು ಕಾಣುತ್ತಿವೆ.

ಮಸೂರ:
ನಡುವೆ ಮಂಜು ಅಂದರೆ ಬೆಲ್ಲೋಸ್, ಅಡಾಪ್ಟರ್ ಸೇರಿದ ಕೊಳವೆಯ ಒಳಗೋಡೆಯಿಂದ ಬೆಳಕು ಚಿಮ್ಮುತ್ತಿದೆ. ಕ್ಯಾಮೆರಾ ಬಿಚ್ಚಿ, ಇರುವೆಯ ಜಾಗಕ್ಕೆ ಬೆಳಕು ಬಿಟ್ಟು, ಹಿಂದಿನಿಂದ ಕೊಳವೆಯೊಳಗೆ ಇಣುಕಿ. ಅಡಾಪ್ಟರ್‌ನ ತಿರುಪಿನ ಎಳೆಗಳು ಬಳೆಯಂತೆ ಹೊಳೆಯುತ್ತಿದ್ದರೆ ಕಳ್ಳ ಅದೇ. ಒಳಗೆ ಕಪ್ಪು ಮಖಮಲ್ ಅಂಟಿಸಿ. ಜೊತೆಗೆ ಆಬ್ಜೆಕ್ಟಿವ್‌ನಿಂದ 75 ಮಿ.ಮೀ. ದೂರದಲ್ಲಿ, ಅಂದರೆ ಅರ್ಧ ದಾರಿಯಲ್ಲಿ, 20 ಮಿ.ಮೀ. ತೂತಿನ ಕಪ್ಪು ರಟ್ಟು ಕೂರಿಸಿ. ಆಬ್ಜೆಕ್ಟಿವ್ ಹಿಂಭಾಗದಲ್ಲಿ ಬೆಳಕಿನ ಕಟ್ಟು 8 ಮಿ.ಮೀ., ಸೆನ್ಸರ್‌ನ ಕರ್ಣ 28. ನಡುವೆ ಬೇಕಾದದ್ದು 18. ತೂತು ಅದಕ್ಕಿಂತ ಚಿಕ್ಕದಾದರೆ ಮೂಲೆಗಳು ಕಪ್ಪಾಗುತ್ತವೆ.

ಎರಡೆರಡು ಅಂಚಿಗೆ ಎರಡು ಕಾರಣ ಇರಬಹುದು. ಫ್ರೇಮ್‌ಗಳನ್ನು ಒಂದಾದ ಮೇಲೊಂದು ಓಡಿಸಿ ನೋಡಿ. ಮೀಸೆ ಬರಬರುತ್ತಾ ಬಾಗುತ್ತಿದ್ದರೆ ಇರುವೆ ಇನ್ನೂ ಒಣಗುತ್ತಿದೆ. ಬಾಗದೆ ಇದ್ದರೆ ಅದು ಒಂದರ ಮೇಲೊಂದು ಬಂದ ಕೂದಲಿನ ಮಾಮೂಲಿ ತೊಂದರೆ. ಪಿಮ್ಯಾಕ್ಸ್ ಕೂದಲನ್ನು ಚೆನ್ನಾಗಿ ಬಿಡಿಸುತ್ತದೆ, ಆದರೆ ನಾಯ್ಸ್ (ಕಾಳುಕಾಳಾದ ಚುಕ್ಕೆ) ಹೆಚ್ಚಿಸುತ್ತದೆ. ಅದೇ ಸಾಫ್ಟ್‌ವೇರಿನ ಇನ್ನೊಂದು ವಿಧಾನ ಡಿಮ್ಯಾಪ್ ನುಣುಪಾದ ಜಾಗಗಳ ಬಣ್ಣ ಉಳಿಸಿ ಕೂದಲಲ್ಲಿ ಎಡವುತ್ತದೆ. ಎರಡನ್ನೂ ಓಡಿಸಿ, ಡಿಮ್ಯಾಪ್ ಮೇಲೆ ಕೂದಲಿರುವ ಕಡೆ ಮಾತ್ರ ಪಿಮ್ಯಾಕ್ಸ್‌ನಿಂದ ಬ್ರಷ್ ಮಾಡಿ.

ಗೆದ್ದಲು:
ಒಣಗುವ ವಿಷಯಕ್ಕೆ: ಇರುವೆಯನ್ನು ಮುಕ್ಕೋನದ ಸಣ್ಣ ರಟ್ಟಿನ ತುದಿಗೆ ಒಂದು ಸಾಸಿವೆಗಿಂತ ಕಡಿಮೆ ಫೆವಿಕಾಲ್‌ನಿಂದ ಅಂಟಿಸಿ ಒಂದು ರಾತ್ರಿ ಬಿಡಿ. ಅಂಟು ಹಸಿಯಿದ್ದಾಗ ತೆಗೆದರೆ ಇಡೀ ದೇಹವೇ ಮೆಲ್ಲಗೆ ತಿರುಗುತ್ತದೆ. ಅಂಟಿಸುವ ಮೊದಲು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಸೊನ್ನೆ ನಂಬರಿನ ಬ್ರಷ್‌ನಿಂದ ದೂಳು ತೆಗೆಯಿರಿ, 10ಎಕ್ಸ್‌ನಲ್ಲಿ ಒಂದೊಂದು ದೂಳಿನ ಕಣವೂ ಜಲ್ಲಿಕಲ್ಲು. ಮೀಸೆ ಗಟ್ಟಿಯಾಗಿ ಮಡಚಿಕೊಂಡಿದ್ದರೆ ಒದ್ದೆ ಸ್ಪಂಜು ಇಟ್ಟ ಮುಚ್ಚಿದ ಡಬ್ಬಿಯಲ್ಲಿ ಒಂದು ದಿನ ಇಟ್ಟರೆ ಮೆತ್ತಗಾಗುತ್ತದೆ. ಬೂಷ್ಟು ಹಿಡಿಯದಂತೆ ಸ್ಪಂಜಿಗೆ ಎರಡು ಹನಿ ಡೆಟಾಲ್.

ಹೊಸ ಆಬ್ಜೆಕ್ಟಿವ್ ಕೇಳಿದ್ದಿರಿ. ಕೊಳ್ಳುವುದಾದರೆ ಇನ್ಫಿನಿಟಿ ಬಗೆಯದು (ತಾನೇ ಬಿಂಬ ಮೂಡಿಸದೆ ಬೆಳಕನ್ನು ಸಮಾನಾಂತರವಾಗಿ ಬಿಡುವಂಥದ್ದು), ನಿಕಾನ್ ಅಥವಾ ಒಲಿಂಪಸ್‌ನ ಪ್ಲಾನ್ ಅಕ್ರೋಮ್ಯಾಟ್ 10/0.25. ಇವು ಬಣ್ಣವನ್ನು ತಮ್ಮೊಳಗೇ ತಿದ್ದಿಕೊಳ್ಳುತ್ತವೆ, ಇರುವೆಗೂ ಮಸೂರಕ್ಕೂ ನಡುವೆ 10 ಮಿ.ಮೀ.ಗಿಂತ ಹೆಚ್ಚು ಜಾಗ ಬಿಡುವುದರಿಂದ ಬೆಳಕು ಹಾಕುವುದೂ ಸುಲಭ. ನಿಕಾನ್‌ದು ಎಂ25 ಎಳೆ, ಒಲಿಂಪಸ್‌ದು ನಿಮ್ಮಲ್ಲಿರುವ ಆರ್.ಎಂ.ಎಸ್.; ಅಡಾಪ್ಟರ್ ತರಿಸುವ ಮೊದಲು ನೋಡಿಕೊಳ್ಳಿ. ಇವಕ್ಕೆ ಬಿಂಬ ಮೂಡಿಸಲು ಹಿಂದೆ ಇನ್ನೊಂದು ಮಸೂರ, ಅಂದರೆ ಟ್ಯೂಬ್ ಲೆನ್ಸ್ ಬೇಕು. ರೇನಾಕ್ಸ್ ಡಿ.ಸಿ.ಆರ್.-150 ಸಾಕು, ಅದರ ಫೋಕಲ್ ಉದ್ದ 208 ಮಿ.ಮೀ. ಎಳೆಯಿರುವ ಬದಿ ಆಬ್ಜೆಕ್ಟಿವ್ ಕಡೆಗಿರಲಿ. ಮೊದಲು ಆಬ್ಜೆಕ್ಟಿವ್ ಇಲ್ಲದೆ ಕಿಟಕಿಯಿಂದ ದೂರದ ಮೊಬೈಲ್ ಟವರ್ ನೋಡಿ, ಅದು ಚೂಪಾಗುವವರೆಗೆ ಬೆಲ್ಲೋಸ್ ಹೊಂದಿಸಿ ತಿರುಪು ಬಿಗಿ ಮಾಡಿ. ಆಮೇಲೆ ಆಬ್ಜೆಕ್ಟಿವ್ ಹಾಕಿ, ಬೆಲ್ಲೋಸ್ ಮುಟ್ಟಬೇಡಿ.