ತಲೆ ಆಪರೇಷನ್ ಆದಮೇಲೆ ಜ್ವರ: ಮೆನಿಂಜೈಟಿಸ್ ಹೌದೋ ಅಲ್ಲವೋ?

ಪ್ರಶ್ನೆ (ತೀರ್ಥಹಳ್ಳಿ ಕಡೆಯಿಂದ): ಡಾಕ್ಟ್ರೇ, ನಮಸ್ಕಾರ. ಅಪ್ಪಯ್ಯನಿಗೆ ತಲೆಯ ಹಿಂಭಾಗದಲ್ಲಿ ಗೆಡ್ಡೆ ಇತ್ತು. ಶಿವಮೊಗ್ಗದಲ್ಲಿ ಆಪರೇಷನ್ ಆಗಿ 6 ದಿನ. ಮೊನ್ನೆಯಿಂದ ಜ್ವರ, ತಲೆನೋವು, ಮಾತು ಮಂಕು. ಬೆನ್ನಿನಿಂದ ನೀರು ತೆಗೆದು ನೋಡಿದರು, ಬಿಳಿ ರಕ್ತಕಣ ಜಾಸ್ತಿ ಇದೆಯಂತೆ. ಆದರೂ ಮೆನಿಂಜೈಟಿಸ್ (ಮೆದುಳಿನ ಪೊರೆಯ ಸೋಂಕು) ಅಂತ ಖಚಿತವಾಗಿ ಹೇಳುತ್ತಿಲ್ಲ, ಕಲ್ಚರ್ (ಆ ನೀರಲ್ಲಿ ರೋಗಾಣು ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆ) ಬರಲಿ ಅಂತಾರೆ. ಆದರೆ ಇಂಜೆಕ್ಷನ್ ಮಾತ್ರ ಶುರು ಮಾಡಿದ್ದಾರೆ. ಗೊತ್ತಾಗುವ ಮೊದಲೇ ಔಷಧಿ ಯಾಕೆ?

ಉತ್ತರ (ನ್ಯೂರೋಸರ್ಜನ್): ನಿಮ್ಮ ಗಾಬರಿ ಅರ್ಥವಾಗುತ್ತದೆ. ಆದರೆ ಅವರು ಮಾಡುತ್ತಿರುವುದು ಸರಿಯಾಗಿಯೇ ಇದೆ.

ಬೇರೆಯವರಲ್ಲಿ ಬೆನ್ನಿನ ನೀರಲ್ಲಿ ಬಿಳಿ ಕಣ ಏರಿದರೆ ಸೋಂಕಿನ ಅನುಮಾನ ಬಲವಾಗುತ್ತದೆ. ಆಪರೇಷನ್ ಆದವರಲ್ಲಿ ಹಾಗಲ್ಲ. ಮೆದುಳಿನ ಸುತ್ತ ಸೋರಿದ ರಕ್ತವೇ ಪೊರೆಯನ್ನು ಕೆರಳಿಸುತ್ತದೆ, ಆಗ ರೋಗಾಣು ಒಂದೂ ಇಲ್ಲದೆ ಜ್ವರ, ಕುತ್ತಿಗೆ ಬಿಗಿತ, ಬಿಳಿ ಕಣ, ಪ್ರೋಟೀನ್ ಎಲ್ಲವೂ ಏರಬಹುದು, ಅದರಲ್ಲೂ ತಲೆಯ ಹಿಂಭಾಗದ ಆಪರೇಷನ್‌ಗಳಲ್ಲಿ ಇದು ಜಾಸ್ತಿ. ನೋಡಲು ಸೋಂಕೂ ಈ ಕೆರಳಿಕೆಯೂ ಒಂದೇ ಥರ.

ಹಾಗಾಗಿ ಬೇರೆ ಸುಳಿವು ಹುಡುಕುತ್ತೇವೆ. ಬೆನ್ನಿನ ನೀರಿನ ಸಕ್ಕರೆಯನ್ನು ಅದೇ ಹೊತ್ತಿನ ರಕ್ತದ ಸಕ್ಕರೆ ಜೊತೆ ಹೋಲಿಸಬೇಕು, ಅರ್ಧಕ್ಕಿಂತ ತುಂಬಾ ಕೆಳಗಿದ್ದರೆ ಸೋಂಕಿನ ಅನುಮಾನ. ಅದೇ ನೀರಿನಲ್ಲಿ ಲ್ಯಾಕ್ಟೇಟ್ ಎಂಬ ಅಂಶ ಲೀಟರಿಗೆ 4 ಮಿಲಿಮೋಲ್ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕಾಯದೆ ಔಷಧಿ ಶುರು ಮಾಡುತ್ತೇವೆ. ಲ್ಯಾಕ್ಟೇಟ್ ಮಾಡಿಸಿದ್ದಾರಾ ಅಂತ ಸಂಕೋಚವಿಲ್ಲದೆ ಕೇಳಿ.

ಕೊನೆಯ ಮಾತು ಕಲ್ಚರ್‌ದೇ. ರೋಗಾಣು ಬೆಳೆಯಲು 2-3 ದಿನ ಬೇಕು. ಅಷ್ಟು ದಿನ ಸುಮ್ನೆ ಕೂತರೆ ಜೀವಕ್ಕೇ ಅಪಾಯ, ಸ್ಟೆಫೈಲೋಕಾಕಸ್ ಎಂಬ ರೋಗಾಣು ಇರಬಹುದು, ಆಸ್ಪತ್ರೆಯಲ್ಲೇ ಅಂಟುವ ಅಸಿನೆಟೋಬ್ಯಾಕ್ಟರ್ ಇರಬಹುದು. ಅದಕ್ಕೇ ಸಾಮಾನ್ಯವಾಗಿ ವ್ಯಾಂಕೋಮೈಸಿನ್ ಜೊತೆ ಮೆರೊಪೆನೆಮ್ ಥರದ ಆಂಟಿಬಯೋಟಿಕ್ ಕೊಡುತ್ತೇವೆ. ಕಲ್ಚರ್‌ನಲ್ಲಿ ಏನೂ ಬೆಳೆಯದೆ, ಅಪ್ಪಯ್ಯ ಚೇತರಿಸಿಕೊಂಡರೆ ನಿಲ್ಲಿಸಬಹುದು. ಆದರೆ ನೀರು ತೆಗೆಯುವ ಮೊದಲೇ ಆಂಟಿಬಯೋಟಿಕ್ ಹೋಗಿದ್ದರೆ ಸೋಂಕಿದ್ದೂ ಕಲ್ಚರ್‌ನಲ್ಲಿ ಏನೂ ಬೆಳೆಯದಿರಬಹುದು.

ಪ್ರಶ್ನೆ: ಚಿಕ್ಕಪ್ಪ ಮಂಗನ ಕಾಯಿಲೆ ಇರಬಹುದು ಅಂತಿದ್ದಾರೆ. ಆಸ್ಪತ್ರೆ ಸೇರುವ ಹಿಂದಿನ ದಿನದ ತನಕ ಅಪ್ಪಯ್ಯ ಸೊಪ್ಪಿಗೆ ಕಾಡಿಗೆ ಹೋಗಿದ್ದರು.

ಉತ್ತರ: ಚಿಕ್ಕಪ್ಪ ಹೇಳಿದ್ದನ್ನು ತಳ್ಳಿಹಾಕಬೇಡಿ. ಮಂಗನ ಕಾಯಿಲೆ ಕಾಡಿನ ಉಣುಗಿನಿಂದ ಅಂಟುತ್ತದೆ, ಉಣುಗು ಕಚ್ಚಿ ಸುಮಾರು 3ರಿಂದ 8 ದಿನಕ್ಕೆ ಜ್ವರ ಬರುತ್ತದೆ, ನಿಮ್ಮ ಲೆಕ್ಕ ಅದಕ್ಕೆ ಹೊಂದುತ್ತದೆ. ವಾರ್ಡಿನ ಡಾಕ್ಟರಿಗೆ ಹೇಳಿ, ರಕ್ತದಲ್ಲಿ ಆ ವೈರಸ್ ಹುಡುಕುವ ಪಿಸಿಆರ್ ಟೆಸ್ಟ್ ಇದೆ. ಆದರೆ ಅದಕ್ಕಾಗಿ ಈ ಇಂಜೆಕ್ಷನ್ ನಿಲ್ಲಬಾರದು. ಇನ್ನೊಂದು ಮುಖ್ಯವಾದದ್ದು, ಗಾಯದಿಂದ ತಿಳಿ ನೀರು ಒಸರುತ್ತಿದೆಯಾ? ಅದು ಮೆದುಳಿನ ಸುತ್ತಲಿನ ನೀರೇ ಆಗಿದ್ದರೆ ಅದೇ ದಾರಿಯಲ್ಲಿ ರೋಗಾಣು ಒಳಗೆ ಹೋಗುತ್ತದೆ.

ಪ್ರಶ್ನೆ: ಎರಡು ದಿನದಿಂದ ಬೆಳಿಗ್ಗೆ ದಿಂಬು ಒದ್ದೆ ಇರುತ್ತದೆ. ಜ್ವರದ ಬೆವರು ಅಂದುಕೊಂಡಿದ್ದೆವು.

ಉತ್ತರ: ಫೋನ್ ಕೆಳಗಿಟ್ಟು ಈಗಲೇ ಸಿಸ್ಟರನ್ನು ಕರೆಯಿರಿ. ಬ್ಯಾಂಡೇಜ್ ಬಿಚ್ಚಿ ನೋಡಲಿ. ಆ ದಿಂಬಿನ ಕವರ್ ತೊಳೆಯಬೇಡಿ, ಡಾಕ್ಟರಿಗೆ ತೋರಿಸಿ.