ವಿಂಚೆಸ್ಟರ್ 1897 ಕೋವಿ: 20 ಇಂಚಿನ ನಳಿಕೆ ಕಾರ್ಖಾನೆಯದೋ, ಆಮೇಲೆ ಕತ್ತರಿಸಿದ್ದೋ?

ಪ್ರಶ್ನೆ

ವಿಂಚೆಸ್ಟರ್ ಕಂಪನಿಯ 1897ರ ಮಾದರಿಯ, 12 ಬೋರಿನ ಪಂಪ್ ಕೋವಿಯೊಂದು (ನಳಿಕೆಯ ಕೆಳಗಿನ ಹಿಡಿಯನ್ನು ಹಿಂದಕ್ಕೂ ಮುಂದಕ್ಕೂ ಎಳೆದು ತೋಟೆ ತುಂಬುವ ಬಗೆ) ಮಾರಾಟಕ್ಕಿದ್ದು, ಅದಕ್ಕೆ ಎಷ್ಟು ಬೆಲೆ ಕೊಡಬಹುದೆಂದು ತೀರ್ಮಾನಿಸುವ ಮೊದಲು ಅದು ಯಾವ ಬಗೆಯದೆಂದು ತಿಳಿಯಬೇಕಾಗಿದೆ. ತೋಟೆಯನ್ನು ಸಿಡಿಸುವ ಹ್ಯಾಮರ್ ಹೊರಗೆ ಕಾಣುವಂತಿದೆ, ನಳಿಕೆಯನ್ನು ರಿಸೀವರಿನಿಂದ, ಅಂದರೆ ಯಂತ್ರವಿರುವ ನಡುಭಾಗದಿಂದ, ಬಿಡಿಸಬಹುದು, ಕ್ರಮಸಂಖ್ಯೆ ಆರು ಲಕ್ಷವನ್ನು ದಾಟಿದ್ದು ಅದರೊಂದಿಗೆ ‘ಇ’ ಎಂಬ ಅಕ್ಷರವಿದೆ. ನಳಿಕೆಯ ಉದ್ದ 20 ಇಂಚು. ಮಾರುವವರು ಇದನ್ನು ಮೊದಲನೆಯ ಮಹಾಯುದ್ಧದ ಕಾಲದ ರಯಟ್ ಗನ್ (ಗಲಭೆ ಹತ್ತಿಕ್ಕಲು ಬಳಸುವ ಗಿಡ್ಡ ನಳಿಕೆಯ ಕೋವಿ) ಎನ್ನುತ್ತಾರೆ. ಆದರೆ ನಳಿಕೆಯ ಮೇಲೆ ‘ಫುಲ್’ ಎಂಬ ಮುದ್ರೆಯಿರುವುದು ನನಗೆ ಸರಿಹೊಂದಿದಂತೆ ಕಾಣುತ್ತಿಲ್ಲ. ‘ಇ’ ಅಕ್ಷರವು ವಿಶೇಷ ದರ್ಜೆಯನ್ನು ಸೂಚಿಸುತ್ತದೆಯೇ?

ಮೊದಲ ಉತ್ತರ

ಅಕ್ಷರದಿಂದ ದರ್ಜೆ ತಿಳಿಯುವುದಿಲ್ಲ. ಬಂದೂಕು ವಿನ್ಯಾಸಕ ಜಾನ್ ಬ್ರೌನಿಂಗ್ ರೂಪಿಸಿದ 1893ರ ಮಾದರಿಯನ್ನೇ ಬಲಪಡಿಸಿ 1897ರದನ್ನು ಹೊರತಂದಾಗ ಕ್ರಮಸಂಖ್ಯೆಗಳನ್ನು ಹೊಸದಾಗಿ ಆರಂಭಿಸದೆ ಹಿಂದಿನದರಿಂದಲೇ ಮುಂದುವರಿಸಿದರು. ಒಳಭಾಗಗಳ ವಿನ್ಯಾಸ ಬದಲಾದಂತೆಲ್ಲ ಸಿ, ಡಿ, ಇ ಎಂಬ ಅಕ್ಷರಗಳು ಬಂದವು. 1957ರವರೆಗೆ ಹತ್ತು ಲಕ್ಷಕ್ಕೂ ಹೆಚ್ಚು ಕೋವಿಗಳು ತಯಾರಾಗಿದ್ದು, ‘ಇ’ ಇರುವುವು ಧಾರಾಳವಾಗಿ ಸಿಗುತ್ತವೆ. ಅದಕ್ಕಾಗಿ ಹೆಚ್ಚಿನ ಬೆಲೆ ಕೊಡಬೇಕಾಗಿಲ್ಲ.

ನಿಮ್ಮ ಸಂದೇಹ ಮಾತ್ರ ಸರಿಯಾದ ಜಾಗದಲ್ಲಿಯೇ ಹುಟ್ಟಿದೆ. ಕಾರ್ಖಾನೆಯ ರಯಟ್ ಗನ್ನಿನ 20 ಇಂಚಿನ ನಳಿಕೆ ಬಾಯಿಯವರೆಗೂ ಒಂದೇ ಅಗಲವಿರುವ ಸಿಲಿಂಡರ್ ಬೋರ್ ಆಗಿದ್ದು, ಅದರ ಮೇಲಿನ ಮುದ್ರೆಯೂ ಅದನ್ನೇ ಹೇಳುತ್ತದೆ. ‘ಫುಲ್’ ಎಂಬುದು ಬಾಯಿಯ ಬಳಿ ನಳಿಕೆಯನ್ನು ಬಿಗಿಗೊಳಿಸಿದ, ಸಾಮಾನ್ಯವಾಗಿ 30 ಇಂಚಿನ ಬೇಟೆಯ ನಳಿಕೆಯ ಗುರುತು. ಚೋಕ್ ಎನ್ನುವ ಈ ಬಿಗಿತ ಇರುವುದು ಕೊನೆಯ ಕೆಲವೇ ಇಂಚುಗಳಲ್ಲಿ. ಹತ್ತು ಇಂಚು ಕತ್ತರಿಸಿದರೆ ಅದು ಪೂರ್ತಿಯಾಗಿ ಹೋಗುತ್ತದೆ, ಮುದ್ರೆ ಮಾತ್ರ ಉಳಿಯುತ್ತದೆ. ಆದ್ದರಿಂದ ಕೋವಿಯಲ್ಲಿ ತೋಟೆಯಿಲ್ಲವೆಂಬುದನ್ನು ಚೇಂಬರ್ (ತೋಟೆ ಸಿಡಿಯುವ ಜಾಗ) ಮತ್ತು ಮ್ಯಾಗಜಿನ್ (ತೋಟೆಗಳನ್ನು ತುಂಬಿಡುವ ಕೊಳವೆ) ಎರಡರಲ್ಲೂ ನೋಡಿ ಖಚಿತಪಡಿಸಿಕೊಂಡು, ನಳಿಕೆಯ ಬಾಯಿಯ ಒಳವ್ಯಾಸವನ್ನು ಅಳೆಯಿರಿ. 12 ಬೋರಿನ ಪೂರ್ಣ ಒಳವ್ಯಾಸ 0.729 ಇಂಚು, ಫುಲ್ ಚೋಕ್ ಇದ್ದಲ್ಲಿ ಬಾಯಿಯಲ್ಲಿ 0.69ರಿಂದ 0.70ರ ಆಸುಪಾಸಿನಲ್ಲಿ ಇರುತ್ತದೆ. ಉದ್ದವನ್ನು ಹೊರಗಿನಿಂದಲ್ಲ, ಚೇಂಬರಿನ ಹಿಂಬದಿಯನ್ನು ಮುಚ್ಚುವ ಬೋಲ್ಟನ್ನು ಮುಚ್ಚಿ ಬಾಯಿಯಿಂದ ಕಡ್ಡಿ ಇಳಿಸಿ, ಬೋಲ್ಟಿನ ಮುಖದವರೆಗೆ ಅಳೆಯಬೇಕು.

ಇನ್ನೊಂದು ಕಡ್ಡಾಯ ಪರೀಕ್ಷೆಯಿದೆ. ಬಿಡಿಸಬಹುದಾದ ಬಗೆಯಲ್ಲಿ ಕ್ರಮಸಂಖ್ಯೆ ರಿಸೀವರಿನ ಅಡಿಯಲ್ಲಿಯೂ ಅದಕ್ಕೆ ಎದುರಾಗಿ ಕೂಡುವ ನಳಿಕೆಯ ಬದಿಯ ಭಾಗದಲ್ಲಿಯೂ ಇರುತ್ತದೆ. ಎರಡೂ ಒಂದೇ ಆಗಿರದಿದ್ದರೆ ನಳಿಕೆ ಬೇರೊಂದು ಕೋವಿಯದು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಅಳೆದು ನೋಡಿದೆ. ಬಾಯಿಯಲ್ಲಿ 0.729 ಇಂಚು ಇದೆ, ಬಿಗಿತವಿಲ್ಲ. ಎರಡೂ ಕಡೆಯ ಸಂಖ್ಯೆಗಳು ಹೊಂದುತ್ತವೆ. ಹಾಗಿದ್ದರೆ ನಳಿಕೆ ಮೂಲದ್ದೇ, ಆದರೆ ಮೊಟಕುಗೊಂಡದ್ದು ಎಂದು ತಿಳಿಯಬಹುದೇ? ಕಂದಕ ಯುದ್ಧಕ್ಕಾಗಿ ಸೈನ್ಯಕ್ಕೆ ಕೊಟ್ಟ ಟ್ರೆಂಚ್ ಗನ್ ಆಗಿರುವ ಸಾಧ್ಯತೆಯನ್ನು ಪೂರ್ತಿ ಬಿಟ್ಟುಬಿಡಬೇಕೇ?

ಎರಡನೆಯ ಉತ್ತರ

ಬಿಟ್ಟುಬಿಡಿ. ಮೊದಲನೆಯ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯಕ್ಕೆ ಹೋದ ಟ್ರೆಂಚ್ ಗನ್ನುಗಳು ನಳಿಕೆಯನ್ನು ಬಿಡಿಸಲಾಗದ ಘನ ಚೌಕಟ್ಟಿನವು. ನಳಿಕೆಯ ಮೇಲೆ ರಂಧ್ರಗಳಿರುವ ಶಾಖಕವಚವೂ ಬಯೋನೆಟ್ ಸಿಕ್ಕಿಸುವ ಕೊಂಡಿಯೂ ಅವುಗಳಲ್ಲಿ ಇರುತ್ತಿದ್ದವು. ಬಿಡಿಸಬಹುದಾದ ಬಗೆಯ ಟ್ರೆಂಚ್ ಗನ್ನುಗಳು ಎರಡನೆಯ ಯುದ್ಧದ ಹೊತ್ತಿಗೆ ಬಂದವು. ಈ ಕೋವಿಗಳಿಗೆ ಸಂಗ್ರಾಹಕರು ಕೊಡುವ ಬೆಲೆ ಎಷ್ಟು ಹೆಚ್ಚೆಂದರೆ, ಹೊಸದಾಗಿ ಮಾಡಿದ ಶಾಖಕವಚವನ್ನು ಬೇಟೆಯ ಕೋವಿಗೆ ತೊಡಿಸಿ ಮಾರುವುದು ಈ ವ್ಯಾಪಾರದಲ್ಲಿ ಹಳೆಯ ಚಾಳಿ. ನಿಮ್ಮ ಮಾರಾಟಗಾರರು ಅಷ್ಟು ದೂರ ಹೋಗಿಲ್ಲವೆಂಬುದೇ ಸಮಾಧಾನ.

ಕಾರ್ಖಾನೆಯ ದಾಖಲೆಯಿಂದ ಇದನ್ನು ಇತ್ಯರ್ಥ ಮಾಡಲಾಗದು. ವಿಂಚೆಸ್ಟರಿನ ಹಳೆಯ ಲೆಕ್ಕಪುಸ್ತಕಗಳು ವಯೋಮಿಂಗ್ ರಾಜ್ಯದ ಕೋಡಿ ಪಟ್ಟಣದ ಬಂದೂಕು ವಸ್ತುಸಂಗ್ರಹಾಲಯದಲ್ಲಿದ್ದು, ಅಲ್ಲಿಂದ ದೃಢೀಕರಣ ಪತ್ರ ಪಡೆಯಬಹುದಾದರೂ, ಈ ಮಾದರಿಗೆ ಸಂಬಂಧಿಸಿದ ದಾಖಲೆಗಳು ಆರಂಭದ ಸಂಖ್ಯೆಗಳಿಗೆ ಮಾತ್ರ ಉಳಿದಿವೆ. ಆರು ಲಕ್ಷ ದಾಟಿದ್ದಕ್ಕೆ ಇಲ್ಲ. ಅಂದಹಾಗೆ, ಅಮೆರಿಕದ ಕೇಂದ್ರ ಕಾನೂನಿನಲ್ಲಿ ‘ಆಂಟಿಕ್’ ಎನಿಸಿಕೊಳ್ಳುವುದು 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾದುದು. ಜಾಹೀರಾತಿನಲ್ಲಿ ಆ ಪದವಿದ್ದರೆ ಈ ಕೋವಿಗೆ ಅದು ಸಲ್ಲುವುದಿಲ್ಲ.

ಮೂರನೆಯ ಉತ್ತರ

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತೇನೆ, ಆದರೆ ಕತ್ತರಿಸಿದ ಕೋವಿಯೆಂದರೆ ಬೆಲೆಯೇ ಇಲ್ಲವೆಂದಲ್ಲ. ಹಳೆಯ ಪಶ್ಚಿಮ ಅಮೆರಿಕದ ಬಂದೂಕುಗಳನ್ನು ಬಳಸಿ ನಡೆಸುವ ಕೌಬಾಯ್ ಗುರಿಕಾರಿಕೆಯ ಸ್ಪರ್ಧೆಗಳಲ್ಲಿ ಗಿಡ್ಡ ನಳಿಕೆಯ 1897ಕ್ಕೆ ಬೇಡಿಕೆಯಿದೆ. ಅಲ್ಲಿ ಕೊಳ್ಳುವವರು ನೋಡುವುದು ಮೂಲರೂಪವನ್ನಲ್ಲ, ಯಂತ್ರದ ಬಿಗಿತವನ್ನು. ಸಂಗ್ರಾಹಕರು ಕೊಡುವ ಬೆಲೆಯನ್ನು ಮರೆತು, ಬಳಕೆಯ ಕೋವಿಯೆಂದೇ ಬೆಲೆ ಕಟ್ಟಿ.

ಹಾಗೆ ಕಟ್ಟುವಾಗ ಮೇಲ್ಮೈಯನ್ನು ಗಮನಿಸಬೇಕು. ರಿಸೀವರಿನ ಅಂಚುಗಳು ದುಂಡಾಗಿ, ಅಕ್ಷರಗಳ ಸುತ್ತ ಲೋಹ ತಗ್ಗಿಕೊಂಡು, ಬಣ್ಣ ಮಾತ್ರ ಕಡುನೀಲಿಯಾಗಿ ಹೊಳೆಯುತ್ತಿದ್ದರೆ ಅದನ್ನು ಉಜ್ಜಿ, ಉಕ್ಕಿಗೆ ಕೊಡುವ ನೀಲಿ ಬಣ್ಣವನ್ನು ಮತ್ತೆ ಹಾಕಲಾಗಿದೆ. ಸವೆದು ಬೂದುಬಣ್ಣಕ್ಕೆ ತಿರುಗಿದ ಮೂಲ ಮೇಲ್ಮೈಗೆ ನಾನು ಅದಕ್ಕಿಂತ ಹೆಚ್ಚು ಕೊಡುತ್ತೇನೆ. ಬುಡದ ಮರವನ್ನು ಕತ್ತರಿಸಿ ರಬ್ಬರ್ ಪ್ಯಾಡ್ ಕೂರಿಸಿದ್ದಾರೆಯೇ, ನಳಿಕೆ ಕೂಡುವ ಜಾಗದಲ್ಲಿ ಅಲುಗಾಟವಿದೆಯೇ ಎಂದೂ ಪರೀಕ್ಷಿಸಿ. ಅಲುಗಾಟವನ್ನು ಸರಿಹೊಂದಿಸುವ ಏರ್ಪಾಡು ಆ ಕೂಡಿಕೆಯಲ್ಲಿಯೇ ಇರುವುದರಿಂದ, ಸ್ವಲ್ಪ ಸಡಿಲಿದ್ದರೆ ಹೆದರಬೇಕಾಗಿಲ್ಲ.

ಉದ್ದನೆಯ ಹಳೆಯ ನಳಿಕೆಯೊಂದನ್ನು ತಂದು ಜೋಡಿಸುವ ಆಸೆ ಬೇಡ: ಸಂಖ್ಯೆಗಳು ಹೊಂದುತ್ತವೆಂಬ ಒಂದೇ ಒಳ್ಳೆಯ ಗುಣವೂ ಆಗ ಹೋಗುತ್ತದೆ.