ಉ: 'ಕುಡ್', 'ವಾಸ್ ಏಬಲ್ ಟು' ಎರಡಕ್ಕೂ 'ಶಕ್ತನಾಗಿದ್ದನು' ಸಾಕಾ? (ತುರ್ತು)

> ಹೈಸ್ಕೂಲ್ ಮಕ್ಕಳ ಇಂಗ್ಲಿಷ್ ಕೈಪಿಡಿ ನಾಳೆ ಅಚ್ಚಿಗೆ ಹೋಗಬೇಕು. 'ಕ್ಯಾನ್' ಎದುರು 'ಬಲ್ಲನು' ಹಾಕಿದ್ದೇನೆ. ಅದಕ್ಕೆ ಭೂತಕಾಲ ಸಿಗದೆ ಉಳಿದೆರಡಕ್ಕೂ 'ಶಕ್ತನಾಗಿದ್ದನು' ಅಂತ ಬರೆದೆ.

ಸಾಕಾಗಲ್ಲ. 'ಬಲ್ಲ'ಕ್ಕೆ ಭೂತಕಾಲ ಇಲ್ಲ ನಿಜ, ಆದರೆ ಕನ್ನಡಕ್ಕೆ ಇದೆಯಲ್ಲ! 'ಅಜ್ಜನಿಗೆ ಮೋಡಿ ಲಿಪಿ ಓದಲು ಬರುತ್ತಿತ್ತು.' ಇದು ಕುಡ್. ಬಹಳ ಕಾಲ ಇದ್ದ ಕಸುಬು. 'ಹರಿದುಹೋಗಿದ್ದ ಆ ಪತ್ರವನ್ನು ಕೊನೆಗೂ ಓದಲು ಆಯಿತು.' ಇದು ವಾಸ್ ಏಬಲ್ ಟು. ಒಂದು ಸಲ, ಒದ್ದಾಡಿ, ಕೆಲಸ ಮುಗಿಯಿತು. ಇಲ್ಲಿ ಕುಡ್ ಹಾಕಿದರೆ ಇಂಗ್ಲಿಷಿನವರ ಕಿವಿಗೆ ಚುಚ್ಚುತ್ತದೆ. 'ಬರುತ್ತಿತ್ತು', 'ಆಯಿತು' ಎರಡರ ವ್ಯತ್ಯಾಸ ನಮ್ಮ ಮಕ್ಕಳಿಗೆ ಹುಟ್ಟಿನಿಂದಲೇ ಗೊತ್ತು. ಅದನ್ನು 'ಶಕ್ತ'ದ ಕೆಳಗೆ ಯಾಕೆ ಹೂತು ಹಾಕುತ್ತೀರಿ? ಎಷ್ಟೋ ಸಲ ನಾವು ಅಷ್ಟೂ ಹೇಳಲ್ಲ, 'ಹೇಗೋ ಓದಿದೆ' ಅಂದುಬಿಡುತ್ತೇವೆ.

'ಆಗಲಿಲ್ಲ' ಬಂದರೆ ತಲೆನೋವಿಲ್ಲ. ಕುಡಂಟ್ ಎರಡೂ ಕಡೆ ಸಲ್ಲುತ್ತದೆ.

ಮುಂದಿನ ಕಾಲಕ್ಕೆ ನಮ್ಮಲ್ಲಿ ರೂಪ ಬದಲಾಗಲ್ಲ. 'ಈಗ ಓದಲು ಬರುತ್ತದೆ', 'ಬರುವ ವರ್ಷ ಓದಲು ಬರುತ್ತದೆ'. ಆದರೆ ವಿಲ್ ಆದಮೇಲೆ ಕ್ಯಾನ್ ನಿಲ್ಲಲ್ಲ, ವಿಲ್ ಬಿ ಏಬಲ್ ಟು ಬೇಕು. ಹಾಗಂತ ಏಬಲ್ ಟುವನ್ನು ಎಲ್ಲದಕ್ಕೂ ಅಂಟಿಸಿ 'ಐ ಕ್ಯಾನ್ ಏಬಲ್ ಟು' ಅನ್ನುವವರು ಆಫೀಸುಗಳಲ್ಲೂ ಬೇಕಾದಷ್ಟಿದ್ದಾರೆ. ಇದಕ್ಕೊಂದು ಸಾಲು ಮೀಸಲಿಡಿ.

ನಿಜವಾಗಿ ಜಾಗ ಕೊಡಬೇಕಾದದ್ದು ಕುಡ್ ಹ್ಯಾವ್‌ಗೆ. ನಿಮ್ಮ ಪಟ್ಟಿಯಲ್ಲಿ ಅದೇ ಇಲ್ಲ! 'ಅವನು ಹೋಗಬಹುದಿತ್ತು' ಅಂದರೆ ಹೋಗಲಿಲ್ಲ. 'ಅವನು ಹೋಗಿರಬಹುದು' ಅಂದರೆ ಯಾರಿಗೆ ಗೊತ್ತು, ಹೋದನೋ ಏನೋ. ಹಿ ಕುಡ್ ಹ್ಯಾವ್ ಗಾನ್ ಎರಡಕ್ಕೂ ಆಗುತ್ತದೆ, ಹಿಂದುಮುಂದಿನ ಮಾತು ನೋಡಿಯೇ ಹೇಳಬೇಕು. 'ಒಂದು ಫೋನ್ ಮಾಡಬಹುದಿತ್ತಲ್ವಾ' ಅನ್ನುವ ಮುನಿಸು ಕೂಡ ಕುಡ್ ಹ್ಯಾವ್‌ನಲ್ಲಿ ಹಾಗೇ ಬರುತ್ತದೆ. ಮಕ್ಕಳಿಗೆ ಇದೇ ಮೊದಲು ಹಿಡಿಸುತ್ತದೆ, ನೋಡಿ.

ಇನ್ನು ಮತ್ತೊಬ್ಬರ ನಿನ್ನೆಯ ಮೇಲ್.

> 'ಸಾಧ್ಯ' ಸಂಸ್ಕೃತದ್ದು, ಕಿತ್ತುಹಾಕಿ. 'ಬಲ್ಲ' ಕೂಡ 'ಬಲ'ದಿಂದ ಬಂದದ್ದು, ಅದೂ ಬೇಡ.

ಮೊದಲನೆಯದು ನಿಮ್ಮ ರುಚಿ. ಎರಡನೆಯದು ತಪ್ಪು. 'ಅವನು ಕನ್ನಡ ಬಲ್ಲ' ಅಂದಾಗ ಅಲ್ಲಿ ಯಾವ ತೋಳ್ಬಲ ಇದೆ ಸ್ವಾಮಿ? ಬಲ್ಲ ಅಂದರೆ ತಿಳಿದವನು. ತಮಿಳಿನ 'ವಲ್ಲವನ್' ಪಕ್ಕದಲ್ಲಿಟ್ಟು ನೋಡಿ. ಅಲ್ಲಿನ ವಿಲ್ ಇಲ್ಲಿ ಬಿಲ್ಲು, ವೇರ್ ಇಲ್ಲಿ ಬೇರು, ಹಾಗೇ ಇದು. ಇಂಗ್ಲಿಷಿನ ಕ್ಯಾನ್ ಕೂಡ ಮೊದಲು 'ತಿಳಿ' ಅನ್ನುವ ಅರ್ಥದ್ದೇ. ಅದರ ಭೂತರೂಪ ಕುಡ್‌ನಲ್ಲಿ ಎಲ್ ಅಕ್ಷರ ಮೂಲದಲ್ಲಿ ಇರಲೇ ಇಲ್ಲ. ವುಡ್, ಶುಡ್ ನೋಡಿ ಸುಮ್ನೆ ತೂರಿಸಿದ್ದು. ಆ ಭಾಷೆಯವರು ಅದನ್ನು ಕಿತ್ತುಹಾಕಲು ಹೋಗಿಲ್ಲ.

ಅಚ್ಚಗನ್ನಡವೇ ಬೇಕು ಅಂದರೆ 'ಲಾರೆ' ಇದೆ. ಹಳಗನ್ನಡದ 'ಆರ್' ಧಾತು, 'ಮಾಡಲಾರೆ'ಯಲ್ಲಿ ಇನ್ನೂ ಜೀವಂತ. ಆದರೆ ಅದು ಆಗಲ್ಲ ಅನ್ನಲು ಮಾತ್ರ. ಆಗುತ್ತದೆ ಅನ್ನಲು ಈಗ ಯಾರೂ ಬಳಸಲ್ಲ, ನೀವೂ ಬಳಸಲ್ಲ. 'ಸಾಧ್ಯವಾಯಿತು' ತರಕಾರಿ ಅಂಗಡಿಯಲ್ಲೂ ಕೇಳುವ ಮಾತು, ಇರಲಿ ಬಿಡಿ. 'ಶಕ್ತನಾಗಿದ್ದನು' ಹೋಗಬೇಕಾದದ್ದು ಸಂಸ್ಕೃತ ಅಂತಲ್ಲ, ಯಾರ ಬಾಯಲ್ಲೂ ಇಲ್ಲ ಅಂತ.

ಕೈಪಿಡಿಯವರಿಗೆ ಇನ್ನೊಂದು: 'ಬಲ್ಲನು' ಇದ್ದಲ್ಲಿ 'ಅವನು' ಸಾಕು. 'ಬರುತ್ತಿತ್ತು', 'ಆಯಿತು' ಹಾಕಿದ ಕಡೆ 'ಅವನಿಗೆ' ಮಾಡಿ. ಪ್ರೂಫಿನಲ್ಲಿ ಅದೊಂದು ನೋಡಿಕೊಳ್ಳಿ.